ಕಾರ್ಡ್ ಸೆಟ್ ಸಿಗುವ ಚಾನ್ಸ್ ಎಷ್ಟು? ಬೋರ್ಡ್ ಗೇಮ್ ಆಡುತ್ತಲೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಕೈಯಲ್ಲಿ ಎರಡು ಕಾರ್ಡ್ ಇವೆ. ಮೂರನೆಯದು ಬಂದರೆ ಸೆಟ್ ಆಗುತ್ತಾ? ಅದಕ್ಕಾಗಿ ಈ ಸರದಿಯಲ್ಲಿ ಸೈನ್ಯ ಖರ್ಚು ಮಾಡಬಹುದಾ? ಈ ಲೆಕ್ಕಕ್ಕೆ ಕೈ ಹಾಕಿದವರು ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ. ಅವರ ಕೂಡಿಸುವುದು, ಭಾಗಿಸುವುದು ಸರಿಯಾಗಿಯೇ ಇರುತ್ತದೆ. ಯಾವ ಕಾರ್ಡನ್ನು ಎಣಿಕೆಯಿಂದ ತೆಗೆಯಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವಲ್ಲಿ ತಪ್ಪುತ್ತದೆ. ಅದೊಂದು ಸರಿಯಾದರೆ ಮಿಕ್ಕದ್ದು ಸಲೀಸು.

ಉದಾಹರಣೆಗೆ ಮುಖ್ಯವಾಗಿ, ಸೈನ್ಯ ಇಟ್ಟು ಪ್ರದೇಶ ಗೆಲ್ಲುವ ರಿಸ್ಕ್ ಆಟವನ್ನು ಇಟ್ಟುಕೊಂಡಿದ್ದೇನೆ. ಕಾರ್ಡ್ ಸೆಟ್ ಅಂದರೆ ಜಾಸ್ತಿ ಜನರಿಗೆ ನೆನಪಾಗುವುದು ಅದೇ. ಅದರಲ್ಲಿ ಹೊಂದುವ ಮೂರು ಕಾರ್ಡ್ ಒಂದು ಸೆಟ್, ಅದನ್ನು ಕೊಟ್ಟರೆ ಹೊಸ ಸೈನ್ಯ ಸಿಗುತ್ತದೆ. ಮಧ್ಯೆ ಟಿಕೆಟ್ ಟು ರೈಡ್ ಮತ್ತು ಕಟಾನ್ ಕೂಡ ಬರುತ್ತವೆ. ವಿಧಾನ ಮಾತ್ರ ಎಲ್ಲಕ್ಕೂ ಒಂದೇ.

## ಶುರು ಮಾಡುವ ಮುಂಚೆ

ಒಂದು ಹಾಳೆ, ಒಂದು ಪೆನ್ಸಿಲ್, ಫೋನಿನ ಕ್ಯಾಲ್ಕುಲೇಟರ್, ಆಟದ ನಿಯಮ ಪುಸ್ತಕ. ಇಷ್ಟು ಸಾಕು. ಆಟದ ನಡುವೆ ಬರೆದುಕೊಳ್ಳುವುದಕ್ಕೆ ಜೊತೆಯವರ ಒಪ್ಪಿಗೆ ಇದೆಯಾ ಅಂತ ಮೊದಲೇ ಕೇಳಿಬಿಡಿ. ಬೇಡ ಅಂದರೆ ನಾಲ್ಕು ಸಂಖ್ಯೆ ತಲೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಅದೂ ಅಷ್ಟು ಕಷ್ಟವಲ್ಲ.

## ಹಂತ 1: ಕಟ್ಟನ್ನು ಕೈಯಾರೆ ಎಣಿಸಿ

ಹಳೆಯ ರಿಸ್ಕ್ ಪೆಟ್ಟಿಗೆಯಲ್ಲಿ 42 ಪ್ರದೇಶದ ಕಾರ್ಡ್‌ಗಳು, 2 ವೈಲ್ಡ್ ಕಾರ್ಡ್‌ಗಳು (ಯಾವ ಬಗೆಯ ಬದಲಿಗೂ ನಡೆಯುವವು), ಒಟ್ಟು 44. ಆ 42ರಲ್ಲಿ ಕಾಲಾಳು 14, ಕುದುರೆ 14, ಫಿರಂಗಿ 14. ಹಾಳೆಯ ಮೇಲೆ ಹೀಗೆ ಬರೆಯಿರಿ:

ಕಾಲಾಳು 14, ಕುದುರೆ 14, ಫಿರಂಗಿ 14, ವೈಲ್ಡ್ 2, ಒಟ್ಟು 44.

ಪೆಟ್ಟಿಗೆಯ ಆವೃತ್ತಿ ಬದಲಾದರೆ ಕಾರ್ಡ್‌ಗಳೂ ಬದಲಾಗಬಹುದು. ಹಳೆಯ ಕಟ್ಟಿನಲ್ಲಿ ಒಂದೆರಡು ಕಳೆದುಹೋಗಿರಲೂಬಹುದು. ಆದ್ದರಿಂದ ಪುಸ್ತಕ ನಂಬಿ ಕೂರಬೇಡಿ, ಬಗೆಬಗೆಯಾಗಿ ವಿಂಗಡಿಸಿ ಎಣಿಸಿ. ರಿಸ್ಕ್‌ನ ಇನ್ನೊಂದು ಆಟದಲ್ಲಿ ಗುರಿಯ ಕಾರ್ಡ್‌ಗಳು ಬೇರೆ ಇರುತ್ತವೆ. ಅವು ಈ 44ಕ್ಕೆ ಸೇರುವುದಿಲ್ಲ, ಪಕ್ಕಕ್ಕಿಡಿ.

## ಹಂತ 2: ಯಾವುದು ಸೆಟ್ ಅನ್ನುವುದನ್ನು ಬರೆದಿಡಿ

ರಿಸ್ಕ್‌ನಲ್ಲಿ ಸೆಟ್ ಮೂರು ರೀತಿ ಆಗುತ್ತದೆ. ಮೂರೂ ಒಂದೇ ಬಗೆ. ಮೂರೂ ಬೇರೆ ಬೇರೆ ಬಗೆ. ಅಥವಾ ಯಾವುದೇ ಎರಡರ ಜೊತೆ ಒಂದು ವೈಲ್ಡ್. ಎರಡು ಒಂದೇ ಬಗೆ, ಇನ್ನೊಂದು ಬೇರೆ ಬಗೆ, ವೈಲ್ಡ್ ಇಲ್ಲ ಅಂದರೆ ಅದು ಸೆಟ್ ಅಲ್ಲ. ಮೂರು ಕಾರ್ಡ್ ಇದ್ದಾಗ ಸೆಟ್ ತಪ್ಪುವುದು ಈ ಒಂದೇ ಆಕಾರದಲ್ಲಿ. ಇದನ್ನು ನೆನಪಿಡಿ, ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಇಲ್ಲಿಂದ ಇನ್ನೊಂದು ವಿಷಯ ಸುಮ್ನೆ ಯೋಚಿಸಿದರೇ ಸಿಗುತ್ತದೆ. ವೈಲ್ಡ್ ಇಲ್ಲದೆ, ಸೆಟ್ ಆಗದೆ ಉಳಿಯಬೇಕಾದರೆ ಕೈಯಲ್ಲಿ ಎರಡೇ ಬಗೆ ಇರಬೇಕು, ಒಂದೊಂದರಲ್ಲೂ ಎರಡಕ್ಕಿಂತ ಜಾಸ್ತಿ ಇರಬಾರದು. ಹಾಗಾದರೆ ಹೆಚ್ಚೆಂದರೆ ನಾಲ್ಕು ಕಾರ್ಡ್. ಐದು ಕಾರ್ಡ್ ಇದ್ದರೆ ಸೆಟ್ ಇದ್ದೇ ಇರುತ್ತದೆ. ಅಲ್ಲಿಗೆ ನಾವು ಲೆಕ್ಕ ಹಾಕಬೇಕಾದದ್ದು ಮೂರು ಮತ್ತು ನಾಲ್ಕು ಕಾರ್ಡ್‌ಗಳಿಗೆ ಮಾತ್ರ.

## ಹಂತ 3: ಕಣ್ಣಾರೆ ಕಂಡದ್ದನ್ನು ಮಾತ್ರ ಕಳೆಯಿರಿ

ನಾನು ಮೊದಲು ಹೇಳಿದ ತಪ್ಪಿನ ಜಾಗ ಇದೇ. ನಿಧಾನವಾಗಿ ಓದಿ.

ನಿಮ್ಮ ಕೈಯಲ್ಲಿ ಎರಡು ಕಾಲಾಳು ಕಾರ್ಡ್ ಇವೆ ಅಂತಿಟ್ಟುಕೊಳ್ಳಿ. ಮೂವರು ಎದುರಾಳಿಗಳ ಹತ್ತಿರ ತಲಾ ಮೂರು, ಒಟ್ಟು 9 ಕಾರ್ಡ್ ಇವೆ. ಯಾರೂ ಇನ್ನೂ ಸೆಟ್ ಕೊಟ್ಟಿಲ್ಲ. ಜಾಸ್ತಿ ಜನ ಹೀಗೆ ಲೆಕ್ಕ ಹಾಕುತ್ತಾರೆ: 44ರಲ್ಲಿ ನನ್ನ 2 ಹೋಯಿತು, ಅವರ 9 ಹೋಯಿತು, ಕಟ್ಟಿನಲ್ಲಿ 33 ಉಳಿಯಿತು. ನನಗೆ ಬೇಕಾದದ್ದು 12 ಕಾಲಾಳು, 2 ವೈಲ್ಡ್, ಅಂದರೆ 14. ಹಾಗಾಗಿ 14/33, ಶೇ. 42.4.

ಇದು ತಪ್ಪು. ನಿಮಗೆ ಬೇಕಾದ ಆ 14 ಕಾರ್ಡ್‌ಗಳಲ್ಲಿ ಕೆಲವು ಎದುರಾಳಿಗಳ ಕೈಗೇ ಹೋಗಿರಬಹುದಲ್ವಾ? ಛೇದದಿಂದ ಅವರ 9 ಕಾರ್ಡ್ ತೆಗೆದಿರಿ, ಅಂಶದಿಂದ ಮಾತ್ರ ಏನೂ ತೆಗೆಯಲಿಲ್ಲ. ತಕ್ಕಡಿಯ ಒಂದೇ ತಟ್ಟೆಯಿಂದ ತೆಗೆದ ಹಾಗಾಯಿತು.

ಸರಿಯಾದ ದಾರಿ ಇನ್ನೂ ಸುಲಭ. ನೀವು ನೋಡದೇ ಇರುವ ಕಾರ್ಡ್‌ಗಳು 42. ಅವುಗಳಲ್ಲಿ ಬೇಕಾದವು 14. ಚಾನ್ಸ್ 14/42, ಶೇ. 33.3. ನೀವು ನೋಡದ ಕಾರ್ಡ್ ಕಟ್ಟಿನಲ್ಲಿರಲಿ, ಎದುರಾಳಿಯ ಕೈಯಲ್ಲಿರಲಿ, ನಿಮ್ಮ ಲೆಕ್ಕಕ್ಕೆ ಎರಡೂ ಒಂದೇ. ಮನಸ್ಸು ಒಪ್ಪದಿದ್ದರೆ ಹೀಗೆ ನೋಡಿ: ಆ 42 ಕಾರ್ಡ್‌ಗಳನ್ನು ಕಲಸಿ, ಮೇಲಿನ 9ನ್ನು ನೋಡದೆ ಪಕ್ಕಕ್ಕಿಟ್ಟು ಹತ್ತನೆಯದನ್ನು ತೆಗೆಯಿರಿ. ಮೊದಲನೆಯದನ್ನೇ ತೆಗೆದಿದ್ದರೆ ಇದ್ದ ಚಾನ್ಸ್‌ಗೂ ಇದಕ್ಕೂ ವ್ಯತ್ಯಾಸ ಇಲ್ಲ.

ಎಣಿಕೆಯಿಂದ ಕಳೆಯಬೇಕಾದದ್ದು ಎರಡನ್ನು ಮಾತ್ರ. ನಿಮ್ಮ ಕೈಯ ಕಾರ್ಡ್‌ಗಳು, ಮತ್ತು ಸೆಟ್ ಕೊಟ್ಟಾಗ ಮೇಜಿನ ಮೇಲೆ ಬಿಚ್ಚಿ ತೋರಿಸಿದ ಕಾರ್ಡ್‌ಗಳು. ಯಾರಾದರೂ ಸೆಟ್ ಕೊಟ್ಟ ತಕ್ಷಣ ಹಾಳೆಯಲ್ಲಿ ಆಯಾ ಬಗೆಯನ್ನು ಕಡಿಮೆ ಮಾಡಿ. ಆಮೇಲೆ ಮಾಡುತ್ತೇನೆ ಅಂತ ಬಿಟ್ಟರೆ ಮರೆತೇ ಹೋಗುತ್ತದೆ.

## ಹಂತ 4: ಒಂದೇ ಕಾರ್ಡ್ ಎಳೆಯುವಾಗ

ನೋಡದ ಕಾರ್ಡ್‌ಗಳಲ್ಲಿ ಬೇಕಾದವು ಎಷ್ಟು, ಒಟ್ಟು ಎಷ್ಟು, ಭಾಗಿಸಿ. ಅಷ್ಟೇ. ಯಾರೂ ಇನ್ನೂ ಸೆಟ್ ಕೊಟ್ಟಿಲ್ಲದಾಗ ಬರುವ ಉತ್ತರಗಳು ಇವು.

ಕೈಯಲ್ಲಿ ಒಂದೇ ಬಗೆಯ ಎರಡು. ಅದೇ ಬಗೆ 12, ವೈಲ್ಡ್ 2. 14/42, ಶೇ. 33.3.

ಕೈಯಲ್ಲಿ ಬೇರೆ ಬಗೆಯ ಎರಡು. ಮೂರನೆಯ ಬಗೆ 14, ವೈಲ್ಡ್ 2. 16/42, ಶೇ. 38.1.

ಎರಡರಲ್ಲಿ ಒಂದು ವೈಲ್ಡ್. ಏನು ಬಂದರೂ ಸೆಟ್. ಶೇ. 100.

ಜೋಡಿ ಬಂದಾಗ ಸೆಟ್ ಹತ್ತಿರ ಬಂತು ಅಂತ ಎಲ್ಲರಿಗೂ ಖುಷಿ. ನಿಜ ಅಂದರೆ ಬೇರೆ ಬೇರೆ ಎರಡು ಇದ್ದವರೇ ಸ್ವಲ್ಪ ಮುಂದೆ ಇರುತ್ತಾರೆ. ಕಾರಣ ಇಷ್ಟೇ: ಜೋಡಿ ಇದ್ದವರು ತಮಗೆ ಬೇಕಾದ ಬಗೆಯ ಎರಡನ್ನು ತಾವೇ ಹಿಡಿದುಕೊಂಡು ಕೂತಿದ್ದಾರೆ.

ಕೈಯಲ್ಲಿ ಮೂರು, ಸೆಟ್ ಆಗಿಲ್ಲ. ಎರಡು ಕಾಲಾಳು, ಒಂದು ಕುದುರೆ ಅನ್ನೋಣ. ನೋಡದ್ದು 41. ಕಾಲಾಳು 12, ಫಿರಂಗಿ 14, ವೈಲ್ಡ್ 2, ಮೂರೂ ನಡೆಯುತ್ತವೆ. 28/41, ಶೇ. 68.3. ಕುದುರೆಯ 13 ಮಾತ್ರ ಕೈ ಕೊಡುತ್ತವೆ.

ಇನ್ನು ಸೆಟ್ ಕೊಟ್ಟಾದ ಮೇಲೆ. ಎದುರಾಳಿ ಮೂರು ಕುದುರೆ ಕೊಟ್ಟಿದ್ದಾನೆ, ನಿಮ್ಮ ಹತ್ತಿರ ಎರಡು ಕುದುರೆ ಇವೆ. ನೋಡದ್ದು 39. ಕುದುರೆ 14ರಲ್ಲಿ 5 ಹೋಗಿ 9, ವೈಲ್ಡ್ 2. 11/39, ಶೇ. 28.2. ಅದೇ ಹೊತ್ತಿಗೆ ನಿಮ್ಮ ಹತ್ತಿರ ಕಾಲಾಳು ಮತ್ತು ಕುದುರೆ ಒಂದೊಂದು ಇದ್ದಿದ್ದರೆ 16/39, ಶೇ. 41. ಒಂದೇ ಮೇಜು, ಅದೇ ಕಟ್ಟು, ಕೈಯಲ್ಲಿರುವ ಎರಡು ಕಾರ್ಡ್‌ಗಳ ಮೇಲೆ ಇಷ್ಟು ಅಂತರ. ಬಾಯಿಪಾಠದ ಶೇಕಡಾವಾರು ಸಂಖ್ಯೆಗಳನ್ನು ನಂಬಬೇಡಿ ಅನ್ನುವುದು ಇದಕ್ಕೇ.

## ಹಂತ 5: ಎರಡು ಮೂರು ಸಲ ಎಳೆಯುವುದಿದ್ದರೆ ತಪ್ಪುವ ಚಾನ್ಸ್ ಹುಡುಕಿ

ಟಿಕೆಟ್ ಟು ರೈಡ್‌ನಲ್ಲಿ 110 ರೈಲು ಕಾರ್ಡ್‌ಗಳು. ಎಂಟು ಬಣ್ಣ, ಒಂದೊಂದರಲ್ಲಿ 12. ಯಾವ ಬಣ್ಣಕ್ಕೂ ನಡೆಯುವ ಎಂಜಿನ್ ಕಾರ್ಡ್ 14. ನಿಮಗೆ ಇನ್ನೊಂದು ಕೆಂಪು ಸಾಕು, ಎಂಜಿನ್ ಆದರೂ ಸರಿ. ಇಲ್ಲಿಯವರೆಗೆ ನೀವು ನೋಡಿದ್ದು 30 ಕಾರ್ಡ್, ಅದರಲ್ಲಿ ಕೆಂಪು 5, ಎಂಜಿನ್ 4. ನೋಡದ್ದು 80, ಬೇಕಾದವು 7 + 10 = 17. ಕಟ್ಟಿನಿಂದ ಎರಡು ಎಳೆಯುತ್ತೀರಿ.

17/80ನ್ನು ಎರಡು ಸಲ ಕೂಡಿಸಿ ಶೇ. 42.5 ಅನ್ನುವುದು ಇಲ್ಲಿಯ ಮಾಮೂಲಿ ತಪ್ಪು. ಎರಡೂ ಒಳ್ಳೆಯ ಕಾರ್ಡ್ ಬರುವ ಸಂದರ್ಭವನ್ನು ಆಗ ಎರಡು ಸಲ ಎಣಿಸಿದಂತಾಗುತ್ತದೆ. ಅದರ ಬದಲು ಎರಡೂ ಸಲ ತಪ್ಪುವ ಚಾನ್ಸ್ ತೆಗೆಯಿರಿ. ಮೊದಲ ಸಲ 63/80. ಆಗ ಒಂದು ಕಾರ್ಡ್ ಹೋಗಿರುವುದರಿಂದ ಎರಡನೆಯ ಸಲ 62/79. ಗುಣಿಸಿದರೆ 0.618. ಇದನ್ನು 1ರಿಂದ ಕಳೆದರೆ 0.382, ಅಂದರೆ ಶೇ. 38.2.

ಎರಡನೆಯ ಸಲಕ್ಕೆ ಮೇಲೆ ಕೆಳಗೆ ಎರಡೂ ಕಡೆ ಒಂದು ಕಡಿಮೆ ಮಾಡುವುದನ್ನು ಮರೆಯಬೇಡಿ. ಎಳೆದ ಕಾರ್ಡ್ ಕಟ್ಟಿಗೆ ವಾಪಸ್ ಹೋಗುವುದಿಲ್ಲ. ದಾಳಕ್ಕೂ ಕಾರ್ಡಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಇದೇ ಉಪಾಯದಿಂದ ರಿಸ್ಕ್‌ನಲ್ಲಿ ಜೋಡಿ ಇದ್ದವರು ಎರಡು ಸರದಿಯಲ್ಲಿ ಸೆಟ್ ಮಾಡುವ ಚಾನ್ಸ್ ನೋಡಿ. ಮೊದಲ ಸಲ ತಪ್ಪುವುದು 28/42, ಎರಡನೆಯ ಸಲ 13/41. ಗುಣಿಸಿದರೆ 0.211. ಸೆಟ್ ಆಗುವ ಚಾನ್ಸ್ ಶೇ. 78.9.

## ಹಂತ 6: ಎದುರಾಳಿಯ ಕೈಯಲ್ಲಿ ಸೆಟ್ ಇದೆಯಾ?

ಇಲ್ಲಿ ಒಂದು ಕಾರ್ಡೂ ಗೊತ್ತಿಲ್ಲ. ಆದ್ದರಿಂದ ಎಷ್ಟು ರೀತಿಯ ಕೈಗಳು ಸಾಧ್ಯ, ಅವುಗಳಲ್ಲಿ ಸೆಟ್ ಇರುವವು ಎಷ್ಟು ಅಂತ ಎಣಿಸಬೇಕು. ಶಾಲೆಯಲ್ಲಿ ವಿಕಲ್ಪ ಅಂತ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. 44ರಲ್ಲಿ 3ನ್ನು ಆರಿಸಲು 44 × 43 × 42 ಗುಣಿಸಿ, 3 × 2 × 1ರಿಂದ ಭಾಗಿಸಿ. 13,244 ಬರುತ್ತದೆ.

ಈಗ ಸೆಟ್‌ಗಳನ್ನು ಎಣಿಸಿ, ಬಗೆಬಗೆಯಾಗಿ.

1. ಮೂರೂ ಒಂದೇ ಬಗೆ: 14ರಲ್ಲಿ 3 ಆರಿಸಲು 364 ದಾರಿ, ಮೂರು ಬಗೆಗೆ 1,092.
2. ಮೂರೂ ಬೇರೆ: 14 × 14 × 14 = 2,744.
3. ಒಂದು ವೈಲ್ಡ್: 42ರಲ್ಲಿ 2 ಆರಿಸಲು 861, ಎರಡು ವೈಲ್ಡ್‌ಗೆ 1,722.
4. ಎರಡೂ ವೈಲ್ಡ್: 42.

ಒಟ್ಟು 5,600. 13,244ರಿಂದ ಭಾಗಿಸಿದರೆ ಶೇ. 42.3. ನಾಲ್ಕನೆಯ ಸಾಲನ್ನು ಬಿಟ್ಟುಬಿಡುವವರೇ ಜಾಸ್ತಿ. ಅದು ಚಿಕ್ಕದು, ಆದರೂ ಬಿಟ್ಟರೆ ತಾಳೆ ಬೀಳುವುದಿಲ್ಲ.

ನಾಲ್ಕು ಕಾರ್ಡ್‌ಗೆ ಸೆಟ್‌ಗಳನ್ನು ಎಣಿಸಲು ಹೋಗಬೇಡಿ, ತಲೆ ಕೆಡುತ್ತದೆ. ತಪ್ಪುವುದನ್ನು ಎಣಿಸಿ. ನಾಲ್ಕರಲ್ಲಿ ಸೆಟ್ ಇಲ್ಲ ಅಂದರೆ ಎರಡು ಬಗೆ, ತಲಾ ಎರಡು. 14ರಲ್ಲಿ 2 ಆರಿಸಲು 91 ದಾರಿ. 91 × 91 = 8,281. ಯಾವ ಎರಡು ಬಗೆ ಅನ್ನುವುದಕ್ಕೆ ಮೂರು ದಾರಿ, ಒಟ್ಟು 24,843. 44ರಲ್ಲಿ 4 ಆರಿಸುವ ದಾರಿಗಳು 1,35,751. ತಪ್ಪುವ ಚಾನ್ಸ್ ಶೇ. 18.3, ಸೆಟ್ ಇರುವ ಚಾನ್ಸ್ ಶೇ. 81.7.

ನಿಮ್ಮ ಕೈಯ ಕಾರ್ಡ್‌ಗಳು ಎದುರಾಳಿಯ ಚಾನ್ಸ್ ಅನ್ನೂ ಬದಲಿಸುತ್ತವೆ. ನಿಮ್ಮ ಹತ್ತಿರ ಒಂದು ವೈಲ್ಡ್, ಒಂದು ಕಾಲಾಳು ಇದ್ದರೆ ನೋಡದ್ದು 42: ಕಾಲಾಳು 13, ಕುದುರೆ 14, ಫಿರಂಗಿ 14, ವೈಲ್ಡ್ 1. ಮೇಲಿನ ರೀತಿಯಲ್ಲೇ ಎಣಿಸಿದರೆ 11,480ರಲ್ಲಿ 4,382. ಮೂರು ಕಾರ್ಡಿನ ಎದುರಾಳಿಯ ಚಾನ್ಸ್ ಶೇ. 42.3ರಿಂದ 38.2ಕ್ಕೆ ಇಳಿಯಿತು.

ಕಟಾನ್ ಆಡುವವರಿಗೆ ಇದೇ ಎಣಿಕೆ ಅಭಿವೃದ್ಧಿ ಕಾರ್ಡ್‌ಗಳಿಗೂ ಸಲ್ಲುತ್ತದೆ. ಮೂಲ ಆಟದಲ್ಲಿ ಅವು 25, ಅದರಲ್ಲಿ 14 ನೈಟ್. ದೊಡ್ಡ ಸೈನ್ಯ ಅನ್ನುವ ಬಹುಮಾನಕ್ಕೆ ಕನಿಷ್ಠ ಮೂರು ನೈಟ್ ಬೇಕು. ಯಾರ ಕಾರ್ಡೂ ಬಯಲಾಗದೆ ಇದ್ದಾಗ ನಾಲ್ಕು ಕೊಂಡರೆ ಕನಿಷ್ಠ ಮೂರು ನೈಟ್ ಸಿಗುವ ಚಾನ್ಸ್ ಶೇ. 39.6, ಐದಕ್ಕೆ ಶೇ. 62.2, ಆರಕ್ಕೆ ಶೇ. 79.1. ನಾಲ್ಕರಿಂದ ಐದಕ್ಕೆ ಹೋಗುವಾಗಿನ ಏರಿಕೆ ನೋಡಿ. ನಾಲ್ಕು ಕೊಂಡು ನಿಲ್ಲಿಸುವುದು ನನ್ನ ಪ್ರಕಾರ ಕೆಟ್ಟ ಜಾಗ.

## ಹಂತ 7: ಎದುರಾಳಿ ಸೆಟ್ ಕೊಡದೆ ಸುಮ್ಮನಿದ್ದರೆ

ಎದುರಾಳಿ ಮೂರು ಕಾರ್ಡ್ ಇಟ್ಟುಕೊಂಡು ತನ್ನ ಸರದಿಯಲ್ಲಿ ಸೆಟ್ ಕೊಡಲಿಲ್ಲ. ಆಮೇಲೆ ನಾಲ್ಕನೆಯದನ್ನು ಎಳೆದ. ಈಗ ಶೇ. 81.7 ಅನ್ನಬಹುದಾ?

ಮೂರರಲ್ಲಿ ಸೆಟ್ ಇರಲಿಲ್ಲ, ಅದಕ್ಕೇ ಕೊಡಲಿಲ್ಲ ಅಂತ ಅಂದುಕೊಂಡರೆ ಹಂತ 4ರ 28/41, ಅಂದರೆ ಶೇ. 68.3. ಆದರೆ ರಿಸ್ಕ್‌ನಲ್ಲಿ ಮೂರು ನಾಲ್ಕು ಕಾರ್ಡ್ ಇರುವಾಗ ಸೆಟ್ ಕೊಡಲೇಬೇಕು ಅಂತಿಲ್ಲ. ಸರದಿಯ ಶುರುವಿನಲ್ಲಿ ಐದು ಅಥವಾ ಜಾಸ್ತಿ ಇದ್ದರೆ ಕಡ್ಡಾಯ. ಮಾಮೂಲಿ ನಿಯಮದಲ್ಲಿ ಸೆಟ್‌ಗಳ ಬೆಲೆ 4, 6, 8, 10, 12, 15 ಅಂತ ಏರುತ್ತದೆ, ಆಮೇಲೆ ಪ್ರತಿ ಸೆಟ್‌ಗೆ 5 ಜಾಸ್ತಿ. ಹೀಗೆ ಏರುವಾಗ ಸೆಟ್ ಇದ್ದೂ ಬಚ್ಚಿಟ್ಟುಕೊಳ್ಳುವವರು ಇರುತ್ತಾರೆ. ಅಂಥವನಾಗಿದ್ದರೆ ನಾಲ್ಕರಲ್ಲಿ ಸೆಟ್ ಇದ್ದೇ ಇದೆ.

ಹೀಗಾಗಿ ಕಟ್ಟು ಇನ್ನೂ ಹೊಸದಾಗಿರುವಾಗ ನಾನು ಶೇ. 68ನ್ನು ತಳ ಅಂತ ಇಟ್ಟುಕೊಳ್ಳುತ್ತೇನೆ. ಆತ ಸೆಟ್ ಬಂದ ಕೂಡಲೇ ಕೊಡುವವನಾದರೆ ತಳದ ಹತ್ತಿರ, ತಾಳ್ಮೆಯವನಾದರೆ ಮೇಲಕ್ಕೆ. ನಿಮ್ಮ ಕೈಯ ಕಾರ್ಡ್‌ಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತಳಕ್ಕಿಂತ ಕೆಳಗೆ ಮಾತ್ರ ಇಳಿಯುವುದಿಲ್ಲ. ಇದಕ್ಕಿಂತ ನಿಖರವಾದ ಸಂಖ್ಯೆಗೆ ಇಲ್ಲಿ ಆಧಾರ ಇಲ್ಲ.

## ಹಂತ 8: ಕಾರ್ಡ್ ಸಿಗುವ ಚಾನ್ಸ್ ಜೊತೆ ಗುಣಿಸಿ

ರಿಸ್ಕ್‌ನಲ್ಲಿ ಒಂದಾದರೂ ಪ್ರದೇಶ ಗೆದ್ದರೆ ಮಾತ್ರ ಸರದಿಯ ಕೊನೆಗೆ ಒಂದು ಕಾರ್ಡ್ ಸಿಗುತ್ತದೆ. ಎಷ್ಟು ಗೆದ್ದರೂ ಒಂದೇ. ಆದ್ದರಿಂದ ಮೊದಲು ಗೆಲುವಿನ ಲೆಕ್ಕ, ಆಮೇಲೆ ಕಾರ್ಡಿನದು.

ಒಂದೇ ಸೈನ್ಯ ಇರುವ ಪ್ರದೇಶದ ಮೇಲೆ ಮೂರು ದಾಳದಿಂದ ದಾಳಿ ಮಾಡಿದರೆ ಒಂದು ಎಸೆತದಲ್ಲಿ ಗೆಲ್ಲುವ ಚಾನ್ಸ್ ಶೇ. 66. ನಿಮ್ಮಲ್ಲಿ ಐದು ಸೈನ್ಯ ಇದ್ದರೆ ಮೊದಲ ಸಲ ಸೋತರೂ ಇನ್ನೊಮ್ಮೆ ಮೂರು ದಾಳ ಎಸೆಯಬಹುದು. ಎರಡೂ ಸಲ ಸೋಲುವುದು 0.34 × 0.34, ಸುಮಾರು 0.116. ಎರಡು ಎಸೆತಕ್ಕೆ ನಿಲ್ಲಿಸಿದರೆ ಗೆಲ್ಲುವುದು ಶೇ. 88.4. ಕೈಯಲ್ಲಿ ಬೇರೆ ಬಗೆಯ ಎರಡು ಕಾರ್ಡ್ ಇದ್ದರೆ 0.884 × 0.381 = 0.337. ಸೆಟ್‌ನ ನಿಜವಾದ ಚಾನ್ಸ್ ಶೇ. 33.7, ಶೇ. 38 ಅಲ್ಲ.

ಇನ್ನೊಂದು ಎಚ್ಚರ. ಈ ಕಾರ್ಡಿನಿಂದ ಆದ ಸೆಟ್ ನಿಮ್ಮ ಕೈಗೆ ಸೈನ್ಯ ತರುವುದು ಮುಂದಿನ ಸರದಿಯ ಶುರುವಿನಲ್ಲಿ. ಅಷ್ಟರೊಳಗೆ ನಿಮ್ಮನ್ನೇ ಯಾರಾದರೂ ಅಳಿಸಿಬಿಟ್ಟರೆ ಕಾರ್ಡ್‌ಗಳೆಲ್ಲ ಅವರ ಪಾಲು. ಕಾರ್ಡಿನ ಆಸೆಗೆ ಗಡಿ ಖಾಲಿ ಮಾಡಬೇಡಿ.

## ಹಂತ 9: ಕಟ್ಟು ಮುಗಿದು ಮತ್ತೆ ಕಲಸಿದಾಗ

ಕಟ್ಟು ಖಾಲಿಯಾದರೆ ಕೊಟ್ಟ ಕಾರ್ಡ್‌ಗಳನ್ನೇ ಕಲಸಿ ಹೊಸ ಕಟ್ಟು ಮಾಡುತ್ತಾರೆ. ಈ ಹೊತ್ತಿನಲ್ಲಿ ಹಂತ 3 ಸ್ವಲ್ಪ ಬದಲಾಗುತ್ತದೆ. ಹೊಸ ಕಟ್ಟಿನಲ್ಲಿ ಏನಿದೆ ಅಂತ ನಿಮಗೆ ಪೂರ್ತಿ ಗೊತ್ತು, ಎಲ್ಲವನ್ನೂ ನೋಡಿದ್ದೀರಿ. ಎದುರಾಳಿಗಳ ಕೈಯಲ್ಲಿ ಒಟ್ಟಾರೆ ಏನಿದೆ ಅನ್ನುವುದೂ ಗೊತ್ತು, ಯಾಕೆಂದರೆ ಮಿಕ್ಕ ಕಾರ್ಡ್‌ಗಳು ಇರಲು ಬೇರೆ ಜಾಗ ಇಲ್ಲ.

ಉದಾಹರಣೆ. ಕೊಟ್ಟವು 33: ಕಾಲಾಳು 11, ಕುದುರೆ 10, ಫಿರಂಗಿ 11, ವೈಲ್ಡ್ 1. ನಿಮ್ಮ ಕೈಯಲ್ಲಿ ಕಾಲಾಳು 1, ಕುದುರೆ 1. ಹಾಗಾದರೆ ಎದುರಾಳಿಗಳ 9 ಕಾರ್ಡ್‌ಗಳು: ಕಾಲಾಳು 2, ಕುದುರೆ 3, ಫಿರಂಗಿ 3, ವೈಲ್ಡ್ 1. ನಿಮಗೆ ಬೇಕಾದ ಫಿರಂಗಿ, ವೈಲ್ಡ್ ಸೇರಿ ಹೊಸ ಕಟ್ಟಿನಲ್ಲಿ 12 ಇವೆ. 12/33, ಶೇ. 36.4. ಇಲ್ಲಿ 33 ಸರಿಯಾದ ಛೇದ, ಯಾಕೆಂದರೆ ಅಂಶವನ್ನೂ ಅದೇ ಕಟ್ಟಿನಿಂದ ಎಣಿಸಿದ್ದೇವೆ.

ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ, ಹೊಸ ಕಟ್ಟು ಒಂದು, ಎದುರಾಳಿಗಳ ಹಳೆಯ ಕಾರ್ಡ್ ಒಂದು. ಆಮೇಲೆ ಅವರು ಹೊಸ ಕಟ್ಟಿನಿಂದ ಎಳೆದದ್ದು ಮತ್ತೆ ನೋಡದ ಕಾರ್ಡೇ, ಮೊದಲ ಪಟ್ಟಿಯಿಂದ ಅದನ್ನು ಕಳೆಯಬೇಡಿ.

## ಲೆಕ್ಕ ತಪ್ಪಿದೆ ಅಂತ ತಿಳಿಯುವುದು ಹೇಗೆ

ನಾಲ್ಕು ಬಗೆಗಳನ್ನು ಕೂಡಿದಾಗ ನೋಡದ ಕಾರ್ಡ್‌ಗಳ ಒಟ್ಟು ಬರದಿದ್ದರೆ ಯಾವುದೋ ಸೆಟ್ ಬರೆಯುವುದು ಬಿಟ್ಟುಹೋಗಿದೆ. ಬೇಕಾದವು, ಬೇಡದವು ಎರಡನ್ನೂ ಬೇರೆ ಬೇರೆಯಾಗಿ ಎಣಿಸಿ ಕೂಡಿ ನೋಡಿ, ಒಟ್ಟಿಗೆ ಸಮ ಬರಬೇಕು. ಹಂತ 4ರಲ್ಲಿ 28 ಮತ್ತು 13 ಸೇರಿ 41 ಆದ ಹಾಗೆ. ಉತ್ತರ ಶೇ. 100 ದಾಟಿದರೆ ಗುಣಿಸುವ ಕಡೆ ಕೂಡಿಸಿದ್ದೀರಿ. ಐದು ಕಾರ್ಡ್‌ಗೆ ಶೇ. 100ಕ್ಕಿಂತ ಕಡಿಮೆ ಬಂದರೆ ಸೆಟ್‌ನ ಯಾವುದೋ ಬಗೆ ಮರೆತಿದ್ದೀರಿ.

ಎರಡು ದಾರಿಯಲ್ಲಿ ಲೆಕ್ಕ ಹಾಕಿ ತಾಳೆ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಮೂರರಲ್ಲಿ ಸೆಟ್ ಆಗುವುದು 0.423. ಆಗದೆ ಉಳಿಯುವುದು 0.577, ಅದರಲ್ಲಿ ನಾಲ್ಕನೆಯ ಕಾರ್ಡಿಗೆ ಸೆಟ್ ಆಗುವುದು 0.683 ಪಾಲು. 0.577 × 0.683 = 0.394. ಎರಡನ್ನೂ ಕೂಡಿದರೆ 0.817. ಹಂತ 6ರಲ್ಲಿ ಬೇರೆ ದಾರಿಯಿಂದ ಬಂದದ್ದೂ ಇದೇ ಶೇ. 81.7.

ಇಷ್ಟಾದರೂ ಅನುಮಾನ ಇದ್ದರೆ ಕಟ್ಟನ್ನು ಚೆನ್ನಾಗಿ ಕಲಸಿ ಮೂರು ಕಾರ್ಡ್ ತೆಗೆಯಿರಿ, ಸೆಟ್ ಆಯಿತಾ ನೋಡಿ, ವಾಪಸ್ ಹಾಕಿ ಮತ್ತೆ ಕಲಸಿ. ನೂರು ಸಲ ಮಾಡಿದರೆ 42ರ ಆಸುಪಾಸಿನಲ್ಲಿ ಬರಬೇಕು. 32ರಿಂದ 52ರ ಒಳಗೆ ಇದ್ದರೆ ಗಾಬರಿ ಬೇಡ. ಅದಕ್ಕಿಂತ ಆಚೆ ಹೋದರೆ ಕಲಸಿದ್ದು ಸಾಲದೆ ಇರಬಹುದು, ಇಲ್ಲವೇ ಕಟ್ಟಿನಲ್ಲಿ ಕಾರ್ಡ್ ಕಮ್ಮಿ ಇರಬಹುದು. ಹಂತ 1ಕ್ಕೆ ಹೋಗಿ ಇನ್ನೊಮ್ಮೆ ಎಣಿಸಿ.